‘ನಾನೇ ಮಾಡಿದ್ರೆ ಸರಿ’ ಅನ್ನುವುದನ್ನು ಬಿಟ್ಟು ಕೆಲಸ ಹಂಚುವುದು ಹೇಗೆ? ಉದ್ಯಮ ನಡೆಸುವ ಹೆಣ್ಣುಮಕ್ಕಳಿಗೆ

ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ ಮಾಡಿ ಮಾರಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಮೊದಲ ಆರು ವರ್ಷ ಎಲ್ಲವನ್ನೂ ನಾನೇ ಮಾಡಿದೆ. ಸಹಾಯಕ್ಕೆ ಒಬ್ಬರು ಅಕ್ಕ ಬರುತ್ತಿದ್ದರು, ನಿಜ. ಆದರೆ ಅವರ ಪಾಲಿಗೆ ಬಿಟ್ಟಿದ್ದು ಬಾಟಲಿ ತೊಳೆಯುವುದು, ನೆಲ ಒರೆಸುವುದು, ಅಷ್ಟೇ. ಉಪ್ಪು ಮುಟ್ಟಬಾರದು, ಭರಣಿಯ ಬಟ್ಟೆ ಬಿಚ್ಚಬಾರದು. ಆ ಕಟ್ಟಳೆ ಹಾಕಿದವಳು ನಾನೇ.

ಏಳನೇ ವರ್ಷ ಏಪ್ರಿಲ್‌ನಲ್ಲಿ, ಮಾವಿನ ಮಿಡಿ ಕಾಲ ಜೋರಾಗಿದ್ದಾಗ, ನನಗೆ ಜ್ವರ ಬಂತು. ಎದ್ದು ಓಡಾಡಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕಿಟ್ಟಿದ್ದ ನಾಲ್ಕು ಭರಣಿಗಳಲ್ಲಿ ಎರಡಕ್ಕೆ ಬೂಷ್ಟು ಹತ್ತಿತ್ತು. ಒಳಗೆ ಹೇರಿದ್ದ ಕಲ್ಲು ಒಂದು ಬದಿಗೆ ಜಾರಿ, ಮೇಲಿನ ಸಾಲಿನ ಮಿಡಿ ಉಪ್ಪುನೀರಿನಿಂದ ಹೊರಗೆ ಬಂದಿತ್ತು. ಕಲ್ಲು ಸರಿಸಿಟ್ಟಿದ್ದರೆ ಉಳಿಯುತ್ತಿತ್ತು. ಎರಡನ್ನೂ ಹಿತ್ತಲ ಗೊಬ್ಬರಗುಂಡಿಗೆ ಸುರಿದೆವು.

“ನಿಮಗೆ ಗೊತ್ತೇ ಆಗ್ಲಿಲ್ವಾ ಅಕ್ಕ?” ಅಂತ ಕೇಳಿದೆ.

“ನಾಲ್ಕನೇ ದಿನಾನೇ ವಾಸನೆ ಬೇರೆ ಬಂತು ಅಮ್ಮಾ. ಮುಟ್ಟಬೇಡಿ ಅಂದಿದ್ರಲ್ಲ, ಅದಕ್ಕೆ ಸುಮ್ನಿದ್ದೆ.”

ಅವರಿಗೆ ಕೆಲಸ ಗೊತ್ತಿತ್ತು. ಮುಚ್ಚಿದ ಭರಣಿಯ ವಾಸನೆಯಿಂದಲೇ ಒಳಗಿನದು ಕೆಡುತ್ತಿದೆ ಅಂತ ಹೇಳಬಲ್ಲ ಮೂಗು ಅವರದು. ಅಂಥವರನ್ನು ಆರು ವರ್ಷ ಬಾಟಲಿ ತೊಳೆಯಲು ಕೂರಿಸಿದ್ದೆ. ಆಮೇಲಿನ ಐದು ವರ್ಷದಲ್ಲಿ ಕೆಲಸ ಹಂಚುವುದನ್ನು ಒಂದೊಂದಾಗಿ ಕಲಿತೆ. ಉಪ್ಪಿನಕಾಯಿಯವರಿಗೆ ಮಾತ್ರ ಅಲ್ಲ, ಬ್ಲೌಸ್ ಹೊಲಿಯುವವರಿಗೆ, ಪಾರ್ಲರ್, ಮೆಸ್, ಹೋಂಸ್ಟೇ ನಡೆಸುವವರಿಗೂ ಇದು ಆಗಿಬರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕೊಡಲು ಯಾಕೆ ಮನಸ್ಸು ಬರುವುದಿಲ್ಲ

ನಮ್ಮ ದೇಶದ 6ನೇ ಆರ್ಥಿಕ ಗಣತಿ 2013–14ರದ್ದು. ಅದರ ಪ್ರಕಾರ ಹೆಣ್ಣುಮಕ್ಕಳು ನಡೆಸುವ ಉದ್ಯಮಗಳು ಸುಮಾರು 80 ಲಕ್ಷ. ಅವುಗಳಲ್ಲಿ ನೂರಕ್ಕೆ ಸುಮಾರು 83ರಲ್ಲಿ ಸಂಬಳದ ಕೆಲಸಗಾರರು ಒಬ್ಬರೂ ಇಲ್ಲ. ಉದ್ಯಮ ಸಣ್ಣದು, ಅದಕ್ಕೇ ಆಳಿಲ್ಲ ಅಂತ ಹೇಳಬಹುದು. ಎಷ್ಟೋ ಕಡೆ ತಿರುವುಮುರುವಾಗಿದೆ ಅಂತ ನನಗನ್ನಿಸುತ್ತದೆ. ಇನ್ನೊಂದು ಜೊತೆ ಕೈ ಇಲ್ಲದ್ದಕ್ಕೇ ಉದ್ಯಮ ಸಣ್ಣದಾಗಿ ಉಳಿದಿದೆ.

ಇದರ ಬೇರು ‘ಕೈಗುಣ’ ಅನ್ನುವ ಮಾತಿನಲ್ಲಿದೆ ಅಂತ ನಾನು ನಂಬಿದ್ದೇನೆ. ಚಿಕ್ಕಂದಿನಿಂದ ನಮಗೆ ಸಿಕ್ಕ ದೊಡ್ಡ ಹೊಗಳಿಕೆ ಅದು. “ಅವಳ ಕೈಗುಣ ನೋಡು, ಅದೇ ಸಾಮಾನು, ಅದೇ ಒಲೆ, ಆದ್ರೂ ಆ ರುಚಿ ಬೇರೆಯವರಿಗೆ ಬರಲ್ಲ.” ಈ ಮಾತು ಕೇಳಿದಾಗ ಹಿಗ್ಗಾಗುತ್ತದೆ. ಆದರೆ ಇದೇ ಮಾತು ಉದ್ಯಮದಲ್ಲಿ ಕೈ ಕಟ್ಟಿಹಾಕುತ್ತದೆ. ರುಚಿ ನನ್ನ ಕೈಯಲ್ಲೇ ಇದೆ ಅಂದಮೇಲೆ ಬೇರೆ ಕೈಗೆ ಕೊಡುವುದು ಹೇಗೆ? ಕೊಟ್ಟರೂ ಸರಿಬಂದರೆ ಇನ್ನೊಂದು ಸಂಕಟ, ಹಾಗಾದರೆ ನನ್ನದೇನು ಹೆಚ್ಚುಗಾರಿಕೆ ಅಂತ.

ಇದರ ಜೊತೆಗೆ ಬೇರೆ ಅಂಜಿಕೆಗಳೂ ಇವೆ. ನಮ್ಮಲ್ಲಿಗೆ ಬರುವವರು ಹೊರಗಿನವರಲ್ಲ, ಅದೇ ಕೇರಿಯವರು, ಎಷ್ಟೋ ಸಲ ನಮಗಿಂತ ದೊಡ್ಡವರು. ಅಕ್ಕ ಅಂತ ಕರೆದವರಿಗೆ “ಇದು ಸರಿಯಾಗಿಲ್ಲ” ಅನ್ನಲು ಬಾಯಿ ಬರುವುದಿಲ್ಲ. ಹೇಳುವುದಕ್ಕಿಂತ ನಾನೇ ಮಾಡಿಕೊಳ್ಳುವುದು ಸುಲಭ ಅನ್ನಿಸುತ್ತದೆ. ನಷ್ಟವಾದರೆ ಮನೆಯಲ್ಲಿ ಒಂದು ಮಾತು ಬರುತ್ತದೆ, “ನಿಂಗೆ ಯಾಕೆ ಬೇಕಿತ್ತು ಇದೆಲ್ಲ?” ಗಂಡಸಿನ ಅಂಗಡಿಯಲ್ಲಿ ಆಳು ತಪ್ಪು ಮಾಡಿದರೆ ಅದು ವ್ಯಾಪಾರದಲ್ಲಿ ಇದ್ದದ್ದೇ. ನಮ್ಮಲ್ಲಿ ಅದು ನಾವು ವ್ಯಾಪಾರ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆಯಾಗುತ್ತದೆ. ಇಷ್ಟೆಲ್ಲ ಭಾರ ಇಟ್ಟುಕೊಂಡು ಒಂದು ಸೌಟನ್ನು ಇನ್ನೊಬ್ಬರ ಕೈಗೆ ಕೊಡುವುದು ಕಷ್ಟವೇ.

ಆದರೆ ಕೆಲಸ ಹಂಚುವುದು ಮಲೆನಾಡಿನವರಿಗೆ ಹೊಸದಲ್ಲ. ಅಡಿಕೆ ಕೊಯ್ಲಿಗೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರನ್ನು ಕರೆಯುತ್ತೇವೆ. ಅವರು ಮರದಿಂದ ಮರಕ್ಕೆ ದಾಟುವಾಗ “ನಾನೇ ಹತ್ತಿದ್ರೆ ಚೆನ್ನಾಗಿರ್ತಿತ್ತು” ಅಂತ ತೋಟದ ಯಜಮಾನ ಕೆಳಗೆ ನಿಂತು ಹೇಳುವುದಿಲ್ಲ. ಸುಲಿಯುವವರಿಗೆ ಡಬ್ಬಕ್ಕೆ ಇಷ್ಟು ಕೂಲಿ ಅನ್ನುವ ಲೆಕ್ಕ ಮೊದಲೇ ಗೊತ್ತಾಗಿರುತ್ತದೆ. ಇವತ್ತು ನಾವು ನಿಮ್ಮನೆಗೆ, ನಾಳೆ ನೀವು ನಮ್ಮನೆಗೆ ಅನ್ನುವ ಮುಯ್ಯಾಳಿನಲ್ಲೇ ಗದ್ದೆ ನಾಟಿ ಮುಗಿಯುತ್ತಿತ್ತು. ತೋಟ ಗದ್ದೆಗೆ ಇರುವ ಈ ಬುದ್ಧಿಯನ್ನು ಅಡುಗೆಮನೆಯ ಒಳಗೆ ತರಬೇಕು, ಅಷ್ಟೇ.

ಮೊದಲು ಒಂದು ವಾರ ಬರೆದಿಡಿ

ಯಾರನ್ನೂ ಕೆಲಸಕ್ಕೆ ಕರೆಯುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಏಳು ದಿನ, ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಿರಿ. ಆಮೇಲೆ ಒಂದೇ ಸಲ ಬರೆದರಾಯಿತು ಅಂದುಕೊಂಡರೆ ಆಗುವುದಿಲ್ಲ, ಮರೆತುಹೋಗುತ್ತದೆ. ಕೆಲಸ ಮುಗಿದ ಕೂಡಲೇ ಒಂದು ಸಾಲು.

ನನ್ನ ಪುಸ್ತಕದ ಒಂದು ವಾರ ಹೀಗಿತ್ತು. ಒಟ್ಟು 52 ಗಂಟೆ. ಬಾಟಲಿ ಒಣಗಿಸಿ, ತುಂಬಿ, ಲೇಬಲ್ ಅಂಟಿಸಿ, ಪ್ಯಾಕ್ ಮಾಡಿದ್ದು 19 ಗಂಟೆ. ಫೋನು, ವಾಟ್ಸಾಪ್ ಆರ್ಡರ್ 9. ಕೊರಿಯರ್, ಬಸ್ಸಿಗೆ ಪಾರ್ಸೆಲ್ ಹಾಕಿದ್ದು 5. ಸಾಮಾನು ತಂದಿದ್ದು 4. ಲೆಕ್ಕ 3. ಉಪ್ಪಿನಕಾಯಿ ಅಂತ ನಿಜವಾಗಿ ಮಾಡಿದ್ದು, ಅಂದರೆ ಮಿಡಿ ಆರಿಸಿದ್ದು, ಹುರಿದದ್ದು, ಅರೆದದ್ದು, ಕಲಸಿದ್ದು 12 ಗಂಟೆ. ಆ ಹನ್ನೆರಡರಲ್ಲೂ ರುಚಿ ನಿರ್ಧಾರವಾಗುವ ಮಸಾಲೆ ಹದಕ್ಕೆ ಹೋದದ್ದು ಎರಡೇ ಗಂಟೆ!

ನೋಡಿದಾಗ ನನಗೆ ಅಳು ಬಂದಿತ್ತು. ಕೈಗುಣ ಕೈಗುಣ ಅಂತ ನಾನು ಕಾಪಾಡಿಕೊಂಡು ಬಂದದ್ದು ವಾರದ ಎರಡು ಗಂಟೆಯನ್ನು. ಉಳಿದ 50 ಗಂಟೆ ಕಲಿಸಿದರೆ ಬೇರೆಯವರೂ ಮಾಡಬಹುದಾದ ಕೆಲಸ.

ಬರೆದಾದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ನಾಳೆಯೇ ಕೊಡಬಹುದಾದದ್ದಕ್ಕೆ ಒಂದು, ಕಲಿಸಿ ಕೊಡಬೇಕಾದದ್ದಕ್ಕೆ ಇನ್ನೊಂದು, ನನ್ನ ಹತ್ತಿರವೇ ಇರಬೇಕಾದದ್ದಕ್ಕೆ ಮತ್ತೊಂದು. ಮೂರನೆಯ ಗುರುತು ಹಾಕುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಬೇರೆಯವರಿಗೆ ಬರುವುದಿಲ್ಲವಾ, ಅಥವಾ ನಾನು ಇನ್ನೂ ಹೇಳಿಕೊಟ್ಟಿಲ್ಲವಾ?

ಕೈಯ ಅಳತೆಯನ್ನು ತಕ್ಕಡಿಗೆ ತನ್ನಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಅವಸರ ಮಾಡಬೇಡಿ, ಹದಿನೈದು ದಿನ ಹಿಡಿದರೂ ಹಿಡಿಯಲಿ.

‘ಒಂದು ಮುಷ್ಟಿ ಉಪ್ಪು’, ‘ಕಣ್ಣಂದಾಜಿಗೆ ಖಾರ’, ‘ಘಂ ಅನ್ನೋವರೆಗೂ ಹುರಿ’ ಅಂತ ಹೇಳಿಕೊಟ್ಟರೆ ಎದುರಿನವರಿಗೆ ಬರುವುದಿಲ್ಲ. ಅವರ ಮುಷ್ಟಿ ಬೇರೆ. ನಾನು ಒಂದು ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನನ್ನ ಮುಷ್ಟಿಯ ಕಲ್ಲುಪ್ಪನ್ನೇ ತೂಗಿದೆ. ಐದು ಸಲ. 61 ಗ್ರಾಂ, 48, 70, 55, 66. ನನ್ನದೇ ಕೈ, ಅದೇ ಉಪ್ಪು, ಐದು ಸಲಕ್ಕೆ ಐದು ತೂಕ. ಕೆಲವು ಗಿರಾಕಿಗಳು “ಈ ಸಲ ಉಪ್ಪು ಸ್ವಲ್ಪ ಮುಂದು” ಅಂದಾಗ ಅವರ ನಾಲಿಗೆಯದೇ ತಪ್ಪು ಅಂದುಕೊಂಡಿದ್ದೆ. ಅವರು ಹೇಳಿದ್ದೇ ಸರಿ ಇತ್ತು.

ಹೀಗೆ ಮಾಡಿ. ನೀವು ಎಂದಿನಂತೆ ಕೈಯಿಂದಲೇ ಹಾಕಿ, ಆದರೆ ಹಾಕುವ ಮೊದಲು ಪಾತ್ರೆಯನ್ನು ತೂಗಿ, ಹಾಕಿದ ಮೇಲೆ ಮತ್ತೆ ತೂಗಿ. ನಾಲ್ಕೈದು ಸಲ ಮಾಡಿ. ಯಾವ ಸಲದ್ದು ತುಂಬ ಚೆನ್ನಾಗಿ ಬಂತೋ ಆ ಸಲದ ತೂಕವೇ ಇನ್ನು ನಿಮ್ಮ ಅಳತೆ. ಆ ತೂಕ ತುಂಬುವ ಒಂದು ಲೋಟ ಹುಡುಕಿ, ಅದಕ್ಕೆ ಗೆರೆ ಹಾಕಿಟ್ಟುಬಿಡಿ. ತಕ್ಕಡಿ ಕೆಟ್ಟರೂ, ಮಳೆಗಾಲದಲ್ಲಿ ಕರೆಂಟು ಹೋಗಿ ಕತ್ತಲಾದರೂ ಲೋಟ ಇರುತ್ತದೆ.

ತೂಗಲು ಬಾರದ್ದನ್ನು ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗುವ ಹಾಗೆ ಹೇಳಬೇಕು. ಹಲಸಿನಕಾಯಿ ಹಪ್ಪಳದ ಉಂಡೆ 30 ಗ್ರಾಂ ಅಂತ ಮಾಡಿಕೊಂಡೆ. ಹಚ್ಚುವ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಮಾರ್ಕರ್‌ನಿಂದ ಒಂದು ವೃತ್ತ ಬರೆದೆ. ಉಂಡೆ ಆ ಗೆರೆ ಮುಟ್ಟುವವರೆಗೆ ಹಚ್ಚಿದರೆ ದಪ್ಪ ತಾನೇ ಸರಿಯಾಗುತ್ತದೆ. ಒಣಗಿದೆಯಾ ಅಂತ ನೋಡಲು ಒಂದನ್ನು ಮುರಿಯಬೇಕು. ಟಕ್ ಅಂದರೆ ಡಬ್ಬಕ್ಕೆ, ಬಾಗಿದರೆ ಇನ್ನೊಂದು ಬಿಸಿಲು. ಇಷ್ಟು ಹೇಳಿಕೊಟ್ಟ ಮೇಲೆ ಮೊದಲ ವಾರದಲ್ಲೇ ನಮ್ಮ ಅಕ್ಕ ಹಚ್ಚಿದ ಹಪ್ಪಳ ಯಾವುದು, ನಾನು ಹಚ್ಚಿದ್ದು ಯಾವುದು ಅಂತ ನನಗೇ ಗುರುತಾಗಲಿಲ್ಲ.

ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು, ಕೆಲಸ ನಡೆಯುವ ಕಡೆಯ ಗೋಡೆಗೆ ಅಂಟಿಸಿ. ಭರಣಿ ಇಡುವ ಕೋಣೆಯ ನನ್ನ ಹಾಳೆ ಹೀಗಿದೆ: “ಒಣ ಕೈ, ಒಣ ಸೌಟು. ಎರಡು ದಿನಕ್ಕೊಮ್ಮೆ ಬಟ್ಟೆ ಬಿಚ್ಚಿ ನೋಡಿ. ಮಿಡಿ ಉಪ್ಪುನೀರಿನ ಕೆಳಗೇ ಇರಬೇಕು. ಮೇಲೆ ಬಂದಿದ್ದರೆ ಕಲ್ಲು ಸರಿಮಾಡಿ. ವಾಸನೆ ಬೇರೆ ಬಂದರೆ, ಬಿಳಿ ಕಂಡರೆ, ಆ ಭರಣಿಗೆ ಕೆಂಪು ದಾರ ಕಟ್ಟಿ ಬೇರೆ ಇಡಿ. ಆಮೇಲೆ ನನಗೆ ಹೇಳಿ.” ಓದಲು ಬಾರದವರಿದ್ದರೆ ಚಿತ್ರ ಅಂಟಿಸಿ. ಸರಿಯಾದ ಬಾಟಲಿಯ ಫೋಟೋ ಒಂದು, ಎಣ್ಣೆ ಸೋರಿದ ಬಾಟಲಿಯ ಫೋಟೋ ಒಂದು.

ಎಲ್ಲಿ ಕತ್ತರಿಸಬೇಕು ಅನ್ನುವುದು

ಲಿಜ್ಜತ್ ಪಾಪಡ್ ಎಲ್ಲರಿಗೂ ಗೊತ್ತು. 1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು. ಅವರ ಕ್ರಮ ನೋಡಿ. ಹಿಟ್ಟನ್ನು ಒಂದೇ ಕಡೆ ಕಲಸುತ್ತಾರೆ. ಸದಸ್ಯೆಯರು ಆ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ಮರುದಿನ ತಂದುಕೊಡುತ್ತಾರೆ. ತಂದದ್ದನ್ನು ನೋಡಿ, ತೂಗಿ ಕೂಲಿ ಕೊಡುತ್ತಾರೆ. ಅಂದರೆ ರುಚಿ ನಿರ್ಧಾರವಾಗುವುದು ಕಲಸುವ ಜಾಗದಲ್ಲಿ. ಅದಾದ ಮೇಲೆ ಎಷ್ಟು ಕೈ ಸೇರಿದರೂ ರುಚಿ ಬದಲಾಗುವುದಿಲ್ಲ. ಹಾಗಾಗಿ ಕೆಲಸವನ್ನು ಅಲ್ಲಿಗೆ ಕತ್ತರಿಸಿದ್ದಾರೆ.

ನಮ್ಮ ಪಕ್ಕದಲ್ಲೇ, ಹೆಗ್ಗೋಡು ಹತ್ತಿರದ ಭೀಮನಕೋಣೆಯಲ್ಲಿ ಕೈಮಗ್ಗದ ಬಟ್ಟೆ ಮಾಡುವ ಚರಕ ಮಹಿಳಾ ಸಹಕಾರ ಸಂಘ ಇದೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುವವರು ಬೇರೆ, ಮಗ್ಗದಲ್ಲಿ ಕೂರುವವರು ಬೇರೆ, ಹೊಲಿಯುವವರು ಬೇರೆ. ಒಂದು ಜುಬ್ಬ ಒಬ್ಬರ ಕೈಯದಲ್ಲ, ಆದರೂ ಅದನ್ನು ನೋಡಿದರೆ ಚರಕದ್ದು ಅಂತ ಗೊತ್ತಾಗುತ್ತದೆ.

ನಿಮ್ಮ ಕೆಲಸದಲ್ಲಿ ಆ ಜಾಗ ಯಾವುದು ಅಂತ ಹುಡುಕಿ. ಬ್ಲೌಸ್ ಹೊಲಿಯುವವರಿಗೆ ಅದು ಅಳತೆ ಮತ್ತು ಕಟಿಂಗ್. ಅಲ್ಲಿಂದಾಚೆಗೆ ಹೆಮ್ಮಿಂಗ್, ಹುಕ್ಕು, ಫಾಲ್ಸ್, ಸೀರೆ ಕುಚ್ಚು ಎಲ್ಲವನ್ನೂ ಮನೆಯಲ್ಲೇ ಕೂತು ಮಾಡಿಕೊಡುವವರು ಪ್ರತಿ ಬಡಾವಣೆಯಲ್ಲಿ ಇದ್ದಾರೆ. ಹೋಂಸ್ಟೇ ನಡೆಸುವವರು ಬಂದವರ ಜೊತೆ ಕೂತು ಮಾತಾಡುವುದನ್ನು ಇಟ್ಟುಕೊಳ್ಳಲಿ, ಕಡುಬಿನ ಹಿಟ್ಟು ರುಬ್ಬುವುದನ್ನು ಬಿಡಲಿ. ನನಗೆ ಅದು ಮಸಾಲೆ ಮಿಶ್ರಣ.

ಗುಟ್ಟು ಹೊರಗೆ ಹೋಗುತ್ತದೆ ಅನ್ನುವ ಭಯಕ್ಕೂ ಇಲ್ಲೇ ಮದ್ದಿದೆ. ವಾರಕ್ಕೆ ಒಂದು ದಿನ ಬೆಳಗ್ಗೆ ಎರಡು ಗಂಟೆ ಕೂತು ಸಾಸಿವೆ, ಮೆಣಸು, ಉಳಿದದ್ದು ಎಲ್ಲ ಹುರಿದು ಪುಡಿ ಮಾಡಿ, ಹತ್ತು ಕೆಜಿ ಮಿಡಿಗೆ ಬೇಕಾದಷ್ಟನ್ನು ಒಂದೊಂದು ಪೊಟ್ಟಣ ಕಟ್ಟಿ ನಂಬರ್ ಹಾಕಿಡುತ್ತೇನೆ. ಮಿಡಿ ತೂಗಿ ಪೊಟ್ಟಣ ಬೆರೆಸುವುದು ಈಗ ಅಕ್ಕನ ಕೆಲಸ. ಗುಟ್ಟೂ ಉಳಿಯಿತು, ಕೆಲಸವೂ ನನ್ನ ಕೈಯಿಂದ ಇಳಿಯಿತು.

ಮೊದಲು ಏನು ಕೊಡಬೇಕು ಅಂತ ಕೇಳಿದರೆ, ತಪ್ಪಾದರೂ ತಿದ್ದಬಹುದಾದದ್ದನ್ನು ಕೊಡಿ. ಬಾಟಲಿ, ಲೇಬಲ್, ಪ್ಯಾಕಿಂಗ್. ಆಮೇಲೆ ಪಾರ್ಸೆಲ್, ಆರ್ಡರ್. ಕೊನೆಗೆ ಸಾಮಾನು ಖರೀದಿ ಮತ್ತು ತಯಾರಿ. ಕೊಡುವಾಗ ತುಂಡು ತುಂಡು ಕೊಡಬೇಡಿ. “ಅದು ತಗೊಂಡು ಬನ್ನಿ, ಇದು ಸ್ವಲ್ಪ ಹಿಡ್ಕೊಳ್ಳಿ” ಅಂದರೆ ತಲೆ ನಿಮ್ಮದೇ ಓಡುತ್ತಿರುತ್ತದೆ, ಅವರದು ಬರೀ ಕೈ. “ಬಾಟಲಿ ಕೋಣೆ ನಿಮ್ಮದು ಅಕ್ಕ. ಎಷ್ಟು ಬಾಟಲಿ ಇದೆ, ಯಾವಾಗ ತರಿಸಬೇಕು, ಎಲ್ಲ ನೀವೇ ನೋಡಿ” ಅನ್ನಿ. ಹಾಗೆ ಹೇಳಿದ ತಿಂಗಳೊಳಗೆ ಮುಚ್ಚಳ ಮುಗಿಯುವ ಎಂಟು ದಿನ ಮೊದಲೇ ನನಗೆ ಸುದ್ದಿ ಬರಲು ಶುರುವಾಯಿತು.

ಆಹಾರದ ಉದ್ಯಮದವರು ಒಂದು ಮಾತು ನೆನಪಿಡಬೇಕು. ಲೇಬಲ್ ಕೆಲಸ ಯಾರಿಗೇ ಕೊಟ್ಟರೂ ಜವಾಬ್ದಾರಿ ನೋಂದಣಿ ಯಾರ ಹೆಸರಲ್ಲಿದೆಯೋ ಅವರದೇ. ತಯಾರಿಸಿದ ದಿನಾಂಕ, ಬ್ಯಾಚ್ ನಂಬರ್, ತೂಕ, ಬೆಲೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇವು ಸರಿಯಿವೆಯಾ ಅಂತ ಪ್ರತಿ ಬ್ಯಾಚಿನ ಮೊದಲ ಲೇಬಲ್ಲನ್ನು ನೀವು ನೋಡಿ ಸಹಿ ಹಾಕಿಕೊಡಿ. ಉಳಿದದ್ದು ಅವರು ಅಂಟಿಸಲಿ.

ಹೇಳಿಕೊಡುವುದು

ಒಂದು ಸಲ ಹೇಳಿ “ಗೊತ್ತಾಯ್ತಲ್ಲ?” ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಮೊದಲ ಸಲ ನೀವು ಮಾಡಿ, ಅವರು ನೋಡಲಿ. ಎರಡನೇ ಸಲ ಅವರು ಮಾಡಲಿ, ನೀವು ಪಕ್ಕದಲ್ಲಿ ಕೂರಿ, ಕೈ ಹಾಕಬೇಡಿ. ಮೂರನೇ ಸಲ ಅವರು ಮಾಡುವಾಗ ನೀವು ಬೇರೆ ಕೋಣೆಗೆ ಹೋಗಿ. ಈ ಮೂರನೆಯದು ಕಷ್ಟ. ಸೌಟಿನ ಸದ್ದು ಕೇಳಿದರೆ ಕಾಲು ಅತ್ತ ಎಳೆಯುತ್ತದೆ. ನಾನು ಆಗ ಹಿತ್ತಲಿಗೆ ಹೋಗಿ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದೆ.

“ಹೇಳಿಕೊಡೋ ಹೊತ್ತಿಗೆ ನಾನೇ ಮಾಡಿ ಮುಗಿಸ್ತೀನಿ” ಅನ್ನುವುದು ಒಂದು ದಿನದ ಲೆಕ್ಕದಲ್ಲಿ ನಿಜ. ಪ್ಯಾಕಿಂಗ್ ಕಲಿಸಲು ನನಗೆ ಆರು ಗಂಟೆ ಹಿಡಿಯಿತು ಅಂದುಕೊಳ್ಳಿ. ಆ ಕೆಲಸ ವಾರಕ್ಕೆ ಆರು ಗಂಟೆಯದ್ದೇ ಆಗಿದ್ದರೆ ಎರಡನೇ ವಾರಕ್ಕೆ ಸರಿಸಮ, ಮೂರನೇ ವಾರದಿಂದ ಲಾಭ. ಕಲಿಸುವುದಕ್ಕೆ ಮಿಡಿ ಕಾಲ ಆಗುವುದಿಲ್ಲ, ಅದು ಮೈಮೇಲೆ ಬಂದಿರುತ್ತದೆ. ಮಳೆಗಾಲದಲ್ಲಿ ಕಲಿಸಿ. ಹೊರಗೆ ಸುರಿಯುತ್ತಿರುವಾಗ ಆರ್ಡರ್ ಕಡಿಮೆ, ಕೂತು ತೋರಿಸಲು ಹೊತ್ತಿರುತ್ತದೆ. ನಾಟಿ ಶುರುವಾದರೆ ಅವರು ಗದ್ದೆಗೆ ಹೋಗುತ್ತಾರೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ. ಅಡಿಕೆ ಸುಗ್ಗಿಯಲ್ಲೂ ಅಷ್ಟೇ. ಸುಲಿಯುವ ಕೂಲಿ ಬಿಟ್ಟು ನಮ್ಮಲ್ಲಿಗೆ ಬನ್ನಿ ಅನ್ನುವುದು ಸರಿಯಲ್ಲ. ನಾನು ಆ ದಿನಗಳಿಗೆ ಬೇಕಾದ ದಾಸ್ತಾನನ್ನು ಮೊದಲೇ ಮಾಡಿಟ್ಟುಕೊಳ್ಳುತ್ತೇನೆ.

ತಪ್ಪು ಹೇಳುವ ವಿಷಯಕ್ಕೆ ಬರುತ್ತೇನೆ, ನನಗೆ ಬಹಳ ಕಷ್ಟವಾದದ್ದು ಇದು. ಒಂದು ಸಲ 60 ಬಾಟಲಿಗೆ ಲೇಬಲ್ ವಾರೆಯಾಗಿ ಅಂಟಿತ್ತು. ಹೇಳಲು ಸಂಕೋಚವಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಕೂತು ಬಿಸಿನೀರಿನಲ್ಲಿ ಕಿತ್ತು ಹೊಸದು ಅಂಟಿಸಿದೆ. ಬೆಳಗ್ಗೆ ಅಕ್ಕ ಬಂದರು. ಬಾಟಲಿ ಸಾಲು ನೋಡಿದರು, ಕಸದ ಬುಟ್ಟಿಯಲ್ಲಿ ಮುದುಡಿದ ಲೇಬಲ್ ನೋಡಿದರು. ಏನೂ ಅನ್ನಲಿಲ್ಲ. ಆದರೆ ಅವತ್ತಿಂದ ಎರಡು ವಾರ ಅವರು ಅಂಟಿಸಿದ್ದೆಲ್ಲ ಇನ್ನೂ ವಾರೆ. ಹೇಗೂ ರಾತ್ರಿ ಇವರು ಸರಿಮಾಡಿಕೊಳ್ಳುತ್ತಾರೆ ಅಂತಾಗಿರಬೇಕು. ಅಥವಾ ಮನಸ್ಸಿಗೆ ನೋವಾಗಿರಬೇಕು. ಎರಡಕ್ಕೂ ನಾನೇ ಕಾರಣ.

ಈಗ ಹೀಗೆ ಮಾಡುತ್ತೇನೆ. ಅದೇ ದಿನ, ಬೇರೆಯವರು ಇಲ್ಲದಾಗ, ಆ ವಸ್ತುವನ್ನೇ ಕೈಯಲ್ಲಿ ಹಿಡಿದು ಹೇಳುತ್ತೇನೆ. “ಅಕ್ಕ, ಈ ಲೇಬಲ್ಲು ಕೆಳಗಿನ ಗೆರೆಗೆ ಕೂತಿಲ್ಲ ನೋಡಿ. ಹೇಗೆ ಮಾಡಿದ್ರೆ ಸರಿಯಾಗ್ಬಹುದು?” ಮಾತು ಲೇಬಲ್ಲಿನ ಬಗ್ಗೆ ಇರುತ್ತದೆ, ಅವರ ಬಗ್ಗೆ ಅಲ್ಲ. ಸರಿಮಾಡುವುದೂ ಅವರೇ. ಬಾಟಲಿಯನ್ನು ಒಂದು ಹಲಗೆಯ ಕಚ್ಚಿನಲ್ಲಿ ಮಲಗಿಸಿ ಅಂಟಿಸುವ ಉಪಾಯ ಹೇಳಿದ್ದು ಅವರೇ. ನನಗೆ ಹನ್ನೊಂದು ವರ್ಷವಾದರೂ ಹೊಳೆಯುತ್ತಿರಲಿಲ್ಲ.

ದುಡ್ಡಿನ ಮಾತು ಮೊದಲೇ ಆಗಲಿ

ನಮ್ಮ ದುಡಿತಕ್ಕೆ ನಾವೇ ಬೆಲೆ ಕಟ್ಟಿರುವುದಿಲ್ಲ. ಅದಕ್ಕೇ ಬೇರೆಯವರಿಗೆ ಕೂಲಿ ಕೊಡುವಾಗ ಲಾಭದಿಂದ ಕಿತ್ತುಕೊಟ್ಟ ಹಾಗೆ ಅನ್ನಿಸುತ್ತದೆ. ಬೆಲೆ ಹಾಕುವಾಗಲೇ ಸಾಮಾನು, ಬಾಟಲಿ, ಸಾಗಾಟದ ಜೊತೆ ಕೂಲಿಯನ್ನೂ ಸೇರಿಸಿ. ನೀವೇ ಮಾಡಿದ ಕೆಲಸಕ್ಕೂ ಕೂಲಿ ಹಾಕಿ. ಹಾಗೆ ಹಾಕಿದರೆ ಲಾಭವೇ ಉಳಿಯುವುದಿಲ್ಲ ಅಂತಾದರೆ ನಿಮ್ಮ ಬೆಲೆ ಕಡಿಮೆ ಇದೆ ಅಂತ ಅರ್ಥ. ಅದನ್ನು ಇವತ್ತೇ ತಿಳಿದುಕೊಳ್ಳುವುದು ಒಳ್ಳೆಯದು.

ದಿನಗೂಲಿಯೋ, ಎಣಿಕೆ ಲೆಕ್ಕವೋ? ಕುಚ್ಚು, ಹಪ್ಪಳ, ಲೇಬಲ್‌ನಂಥ ಎಣಿಸಬಹುದಾದ ಕೆಲಸಕ್ಕೆ ಎಣಿಕೆ ಲೆಕ್ಕ ಚೆನ್ನ, ಅವರ ಮನೆಯಲ್ಲೇ ಕೂತು ಮಾಡಬಹುದು. ಭರಣಿ ನೋಡಿಕೊಳ್ಳುವಂಥ ಎಚ್ಚರದ ಕೆಲಸಕ್ಕೆ ದಿನಗೂಲಿ ಅಥವಾ ತಿಂಗಳ ಸಂಬಳವೇ ಸರಿ, ಅಲ್ಲಿ ಅವಸರ ಬರಬಾರದು. ಯಾವುದೇ ಇರಲಿ, ಕೆಲಸ ಶುರುವಾಗುವ ಮೊದಲೇ ದರ ಹೇಳಿ, ಪುಸ್ತಕದಲ್ಲಿ ಬರೆದು, ಶನಿವಾರ ಅಂದರೆ ಶನಿವಾರವೇ ಕೊಡಿ. ಅತ್ತಿಗೆ, ನಾದಿನಿ, ಅಕ್ಕನ ಮಗಳು ಬಂದು ಮಾಡಿದರೂ ಕೊಡಿ. ಪುಕ್ಕಟೆ ದುಡಿದವರಿಗೆ ತಪ್ಪು ತೋರಿಸುವ ಹಕ್ಕು ನಮಗೆ ಇರುವುದಿಲ್ಲ.

ಬಸ್ಸಿನ ಖರ್ಚನ್ನೂ ಕೇಳಿ ತಿಳಿದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಖಾಸಗಿ ಬಸ್ಸೇ ಜಾಸ್ತಿ ಅಲ್ವಾ? ಹೋಗಿಬರಲು ಟಿಕೆಟ್ಟಿಗೆ ಕೂಲಿಯ ಒಂದು ಪಾಲು ಹೋಗುವುದಾದರೆ ಅವರು ಹೆಚ್ಚು ದಿನ ಬರುವುದಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ಕೆಲಸ ಬಿಡಲೇಬೇಕು, ಐದು ನಿಮಿಷ ಅಂತ ನಿಲ್ಲಿಸಿಕೊಳ್ಳಬೇಡಿ.

ಫೋನನ್ನು ಕೈಯಿಂದ ಇಳಿಸುವುದು

ವಾಟ್ಸಾಪ್ ಬಿಸಿನೆಸ್ ಇದ್ದರೆ ಅದೇ ನಂಬರನ್ನು ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು. ಡಿಗ್ರಿ ಓದುತ್ತಿರುವ ಪಕ್ಕದ ಮನೆಯ ಹುಡುಗಿ ಸಂಜೆ ಒಂದು ಗಂಟೆ ಕೂತು ನನ್ನ ಆರ್ಡರ್‌ಗಳಿಗೆ ಉತ್ತರ ಕೊಡುತ್ತಾಳೆ. ಹೊಸ ಆರ್ಡರ್, ಹಣ ಬಾಕಿ, ಹಣ ಬಂದಿದೆ ಅಂತ ಲೇಬಲ್ ಹಾಕುತ್ತಾಳೆ. ಬೆಲೆಪಟ್ಟಿ, ಸಾಗಾಟದ ಖರ್ಚು, ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟಿದ್ದೇವೆ. ಹಣದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಹಣ ಬರಲು ಕ್ಯೂಆರ್ ಸಾಕು, ಪಿನ್ ಬೇಡವೇ ಬೇಡ. ಹಾಗಾಗಿ ಯುಪಿಐ ಪಿನ್, ಒಟಿಪಿ ಯಾರಿಗೂ ಹೇಳಬಾರದು, ಎಷ್ಟೇ ಹತ್ತಿರದವರಾದರೂ.

ಮನೆಗೆಲಸ ಹಂಚದೆ ಇದು ಯಾವುದೂ ನಡೆಯುವುದಿಲ್ಲ

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಅಂತ ಬಂದಿದೆ. ಹತ್ತಿರ ಹತ್ತಿರ ಐದು ಗಂಟೆ. ಉದ್ಯಮಕ್ಕೆ ಕೂಲಿಯವರನ್ನು ಇಟ್ಟುಕೊಂಡು, ಬೆಳಗ್ಗೆ ಹನ್ನೊಂದರವರೆಗೂ ದೋಸೆ ಹುಯ್ಯುತ್ತಾ ನಿಂತರೆ ಬಂದವರಿಗೆ ಕೆಲಸ ಹೇಳುವವರು ಯಾರು?

ಹೊರಗಿನವರಿಗೆ ಹೇಳಿದ ಕ್ರಮವೇ ಮನೆಗೂ. ತುಂಡು ಸಹಾಯ ಕೇಳಬೇಡಿ, ಪೂರ್ತಿ ಕೆಲಸ ಕೊಡಿ. “ಸ್ವಲ್ಪ ಹಾಲು ನೋಡ್ರೀ” ಅಲ್ಲ. “ಬೆಳಗಿನ ತಿಂಡಿ ಮಂಗಳವಾರ, ಶುಕ್ರವಾರ ನಿಮ್ಮದು” ಅನ್ನಿ. ನಮ್ಮ ಯಜಮಾನರಿಗೆ ಮೊದಲು ಬರುತ್ತಿದ್ದದ್ದು ಅವಲಕ್ಕಿ ಒಂದೇ. ಎರಡು ತಿಂಗಳು ಮಂಗಳವಾರ, ಶುಕ್ರವಾರ ಅವಲಕ್ಕಿಯೇ ತಿಂದೆವು. ನಾನು ಒಂದು ದಿನವೂ ಒಗ್ಗರಣೆ ಸೌಟು ತೆಗೆದುಕೊಳ್ಳಲಿಲ್ಲ. ಈಗ ಅವರು ನೀರುದೋಸೆ ಹುಯ್ಯುತ್ತಾರೆ. ಮಗನಿಗೆ ಪಾರ್ಸೆಲ್ ಕೆಲಸ ಕೊಟ್ಟಿದ್ದೇನೆ, ಅದಕ್ಕೆ ಅವನಿಗೂ ದುಡ್ಡುಂಟು. ಅತ್ತೆಗೆ ಮಾತ್ರ ಕಾರಣ ಬಿಡಿಸಿ ಹೇಳಬೇಕಾಯಿತು. ನೋಟ್‌ಬುಕ್ಕಿನ ಆ 52 ಗಂಟೆ ಓದಿ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ನಂಗೆ ಕೂತಲ್ಲೇ ಮಿಡಿ ಆರಿಸೋಕೆ ಆಗುತ್ತೆ ಕಣೆ, ಕೊಡು” ಅಂದರು. ಕೊನೆಗೂ ಮಿಡಿ ಆರಿಸುವುದರಲ್ಲಿ ಅವರ ಕಣ್ಣೇ ನನಗಿಂತ ಚುರುಕು ಅಂತ ಗೊತ್ತಾಯಿತು. ತೊಟ್ಟು ಮುರಿದದ್ದು, ಪೆಟ್ಟು ಬಿದ್ದದ್ದು ಒಂದೂ ಅವರ ಕೈ ದಾಟಿ ಹೋಗುವುದಿಲ್ಲ.

ಒಂದು ದಿನ ಊರು ಬಿಡಿ

ಕೊಟ್ಟ ಮೇಲೆ ಗಳಿಗೆಗೊಮ್ಮೆ ಹೋಗಿ ನೋಡಿದರೆ ಕೊಟ್ಟ ಹಾಗಲ್ಲ. ನೋಡಲು ಒಂದು ಹೊತ್ತು ಇಟ್ಟುಕೊಳ್ಳಿ. ನಾನು ಸಂಜೆ ನಾಲ್ಕಕ್ಕೆ ಪ್ರತಿ ಬ್ಯಾಚಿನಲ್ಲಿ ಹತ್ತಕ್ಕೆ ಒಂದು ಬಾಟಲಿ ತೆಗೆದು ತೂಕ, ಮುಚ್ಚಳ, ಲೇಬಲ್ ನೋಡುತ್ತೇನೆ. ಮೊದಲ ಮೂರು ತಿಂಗಳು ಸ್ವಲ್ಪ ಮಾಲು ಹಾಳಾಗುತ್ತದೆ. ಅದಕ್ಕೆ ಅಂತಲೇ ಒಂದಿಷ್ಟು ದುಡ್ಡು ಬೇರೆ ತೆಗೆದಿಡಿ, ಆಗ ಸಿಟ್ಟು ಬರುವುದಿಲ್ಲ.

ಮೂರು ತಿಂಗಳಾದ ಮೇಲೆ ಒಂದು ದಿನ ಬೇಕಂತಲೇ ಹೊರಟುಬಿಡಿ. ನಾನು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನಲ್ಲಿ ಬ್ಯಾಡಗಿ ಮೆಣಸಿನ ದರ ವಿಚಾರಿಸಿದೆ, ದುರ್ಗಿಗುಡಿಯ ಎರಡು ಅಂಗಡಿಯಲ್ಲಿ ಸ್ಯಾಂಪಲ್ ಕೊಟ್ಟೆ. ಅವತ್ತು ಮನೆಯಿಂದ ಏಳು ಕರೆ ಬಂದವು. ಪ್ರತಿ ಕರೆಯನ್ನೂ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಸಂಜೆ ಮನೆಗೆ ಬಂದವಳು ಭರಣಿ ಕೋಣೆಗೆ ಹೋಗಲಿಲ್ಲ. ಅಕ್ಕನ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಆ ಏಳನ್ನೂ ಒಂದೊಂದಾಗಿ ಓದಿದೆ. ಐದು ಪ್ರಶ್ನೆಗೆ ಗೋಡೆಯ ಹಾಳೆಯಲ್ಲಿ ಉತ್ತರವೇ ಇರಲಿಲ್ಲ. ಕೊರಿಯರ್‌ನವರು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಅರ್ಧ ಉಳಿದ ಪೊಟ್ಟಣ ಎಲ್ಲಿಡಬೇಕು, ಒಡೆದ ಬಾಟಲಿ ಲೆಕ್ಕಕ್ಕೆ ಹೇಗೆ ಬರೆಯಬೇಕು, ಹೀಗೆ. ಅವತ್ತು ರಾತ್ರಿಯೇ ಐದು ಸಾಲು ಸೇರಿಸಿದೆ.

ಮುಂದಿನ ತಿಂಗಳು ಎರಡು ದಿನ ಹೋದೆ. ಎರಡು ಕರೆ ಬಂದವು.